ಬಾಪನ ಬಾಯಿ

ಥುಕ್ಬಾ, ಅಲ್ ಖೋಬರ್
ನವೆಂಬರ್ 2018, ಶುಕ್ರವಾರ, ಜುಮಾ ಮುಗಿದ ಹೊತ್ತು

ನನ್ನ ಹೊಟ್ಟೆಯ ಶಹನಾಝ್‌ಗೆ ಉಮ್ಮನ ಸಲಾಂ.

ನಾವು ಕ್ಷೇಮ, ನೀನು ಕ್ಷೇಮವೇ ಎಂದು ಕೇಳುವ ಮರ್ಯಾದೆ ಈ ಸಲ ಬಿಟ್ಟುಬಿಡುತ್ತೇನೆ. ಕ್ಷೇಮ ಇಲ್ಲದವರು ಒಬ್ಬರು ಹಾಲಿನಲ್ಲಿ ಮಂಚದ ಮೇಲೆ ಮಲಗಿದ್ದಾರೆ. ಅವರ ವಿಷಯಕ್ಕೇ ಈ ಪತ್ರ. ಹೋದ ತಿಂಗಳು ಫೋನಿನಲ್ಲಿ ನೀನು ನನ್ನ ಮಾತನ್ನು ಅರ್ಧಕ್ಕೆ ತುಂಡು ಮಾಡಿದೆ, ಹಾಗಾಗಿ ಕಾಗದ ತೆಗೆದೆ. ಕಾಗದದ ಬಾಯಿ ಮುಚ್ಚಿಸಲು ಆಗುವುದಿಲ್ಲ ನೋಡು. ಕೆಳಗಿನ ಮನೆಯ ಝೀನತ್ ನಾಳೆ ಮಂಗಳೂರಿಗೆ ಹೊರಡುತ್ತಾಳೆ, ಅಲ್ಲಿಂದ ನಿನ್ನ ಮೈಸೂರಿನ ಹಾಸ್ಟೆಲ್ಲಿಗೆ ಅಂಚೆಗೆ ಹಾಕುತ್ತಾಳೆ. ಹರಿದು ಹಾಕುವುದಾದರೆ ಪೂರ್ತಿ ಓದಿ ಹರಿ.

ಆ ದಿನ ನೀನು ಹೇಳಿದ್ದು ಇಷ್ಟು: "ಉಮ್ಮಾ, ನೀನೂ ಬಾಪನ ಹಾಗೇ ಆಗಿದ್ದೀ. ಅವರನ್ನು ಊರಿಗೆ ಬಿಡು." ನಾನು ಉತ್ತರ ಕೊಡುವ ಮೊದಲೇ ನೀನು ಪಾಠ ಶುರು ಮಾಡಿದೆ. ಎರಡು ಸಾವಿರ ವರ್ಷದ ಹಿಂದೆಯೇ ಗ್ರೀಕರು ಇದನ್ನೆಲ್ಲ ಯೋಚಿಸಿ ಮುಗಿಸಿದ್ದಾರೆ, ಪ್ರಜೆಗಳನ್ನು ಹಿಂಸಿಸುವ ದೊರೆ ಹೊರಗಿನಿಂದ ದೊರೆ, ಒಳಗೆ ತನ್ನ ಆಸೆಗಳ ಜೀತದಾಳು, ಅವನಷ್ಟು ದುಃಖಿ ಲೋಕದಲ್ಲಿ ಬೇರೆ ಇಲ್ಲ ಎಂದೆ. ನನಗೆ ನಗೆ ಬಂತು. ನೀನು ಫೋನ್ ಇಟ್ಟೆ.

ಆ ಪಾಠ ನನಗೆ ಹೊಸತಲ್ಲ ಮಗಳೇ. ಫರಂಗಿಪೇಟೆಯಲ್ಲಿ ನನ್ನ ಉಮ್ಮ ಖದೀಜತ್ ಸಾಯುತ್ತಿದ್ದ ವಾರವೂ ನೀನು ಅದನ್ನೇ ಹೇಳಿದ್ದೆ. ಆಗ ನೀನು ಬಿ.ಎ. ಮೊದಲ ವರ್ಷ, ಹೊಸ ಪುಸ್ತಕದ ವಾಸನೆ ನಿನ್ನ ಮಾತಿನಲ್ಲೆಲ್ಲ. ನನಗೆ ಬೇಕಾಗಿದ್ದದ್ದು ಒಂದು ಒತ್ತು. ನಿನಗೆ ಗೊತ್ತೇ ಉಂಟು, ಇಲ್ಲಿ ಹೆಂಡತಿ ದೇಶ ಬಿಟ್ಟು ಹೋಗಿ ಬರಬೇಕಾದರೆ ಗಂಡ ತನ್ನ ಫೋನಿನಲ್ಲಿ ಸರಕಾರದ ಆ್ಯಪ್ ತೆರೆದು ಅನುಮತಿ ಒತ್ತಬೇಕು. ಇಲ್ಲಿ ಇರುವ ಪರವಾನಗಿ, ನಮ್ಮ ಇಕಾಮಾ, ಅವರ ಇಕಾಮಾದ ಬಾಲಕ್ಕೆ ಕಟ್ಟಿದ್ದು, ಬಂಡಿಯ ಹಿಂದೆ ಕಟ್ಟಿದ ಆಡಿನ ಹಾಗೆ. ನಿನ್ನ ಬಾಪ ಒತ್ತಲಿಲ್ಲ. ಹೊಸ ಕ್ಯಾಂಪಿನ ಊಟದ ಕಾಂಟ್ರಾಕ್ಟ್ ಬಂದಿದೆ, ನೀನು ಹೋದರೆ ಮನೆಯಲ್ಲಿ ಮಸಾಲೆ ಅರೆಯುವವರು ಯಾರು ಎಂದರು. ಮುದುಕಿಯರು ಹಾಗೆಲ್ಲ ಬೇಗ ಸಾಯುವುದಿಲ್ಲ ಎಂದರು. ಉಮ್ಮನ ಮಯ್ಯತ್ತನ್ನು ನಾನು ಫೋನಿನ ಗಾಜಿನಲ್ಲಿ ನೋಡಿದೆ. ಬೀಡಿ ಕಟ್ಟಿ ಕಟ್ಟಿ ಸವೆದ ಆ ಬೆರಳುಗಳನ್ನು ಬಿಳಿ ಬಟ್ಟೆ ಮುಚ್ಚಿತ್ತು, ಅವನ್ನೂ ಕಾಣಲಿಲ್ಲ. ನಿನಗೆ ಫೋನ್ ಮಾಡಿ ಅತ್ತರೆ ನೀನು ಎಂತ ಹೇಳಿದೆ? ಬಾಪನ ಮೇಲೆ ಸಿಟ್ಟು ಮಾಡಬೇಡ ಉಮ್ಮಾ, ಅವರೇ ದುಃಖಿ, ಆಸೆ ಎಂದರೆ ತೂತು ಬಿದ್ದ ಕೊಡ, ಅದನ್ನು ತುಂಬಿಸುತ್ತಲೇ ಅವರ ಆಯುಷ್ಯ ಕಳೆಯುತ್ತದೆ ಎಂದೆ. ನನಗೆ ಟಿಕೆಟ್ ಬೇಕಿತ್ತು, ನೀನು ತತ್ತ್ವಜ್ಞಾನ ಕೊಟ್ಟೆ. ಬಾವಿಯ ಹತ್ತಿರ ಹೋಗಲು ಬಿಡದವಳಿಗೆ ಕೊಡದ ತೂತಿನ ಪಾಠ.

ನಾನು ಬೀಡಿ ಕಾರ್ಮಿಕರ ಸಂಘದಲ್ಲಿ ಬೆಳೆದವಳು. ಮೆರವಣಿಗೆಗೆ ಘೋಷಣೆ ಬರೆದುಕೊಡುತ್ತಿದ್ದವಳು ನಾನೇ. ಸಂಘದ ಕ್ಲಾಸಿನಲ್ಲಿ ನಮಗೂ ಪಾಠ ಮಾಡುತ್ತಿದ್ದರು. ಆದರೆ ಧಣಿ ಪಾಪ, ಒಳಗೊಳಗೆ ದುಃಖದಲ್ಲಿದ್ದಾನೆ, ಸುಮ್ಮನಿರಿ ಎಂದು ಅಲ್ಲಿ ಯಾರೂ ಹೇಳಲಿಲ್ಲ. ಧಣಿ ದುಃಖಿಯಾದರೆ ಅವನ ಕರ್ಮ, ಮೊದಲು ಕೂಲಿ ಎಣಿಸಿ ಕೊಡಲಿ ಎನ್ನುತ್ತಿದ್ದರು. ಪೆಟ್ಟು ತಿಂದವನಿಗೆ ಹೊಡೆದವನ ಮನಸ್ಸಿನ ನೋವು ಹೇಳಿಕೊಡುವ ವಿದ್ಯೆಗೆ ಯಾವ ಹೆಸರು? ನಿಮ್ಮ ವಿಶ್ವವಿದ್ಯಾಲಯದಲ್ಲಿ ಅದಕ್ಕೆ ಎಂ.ಎ. ಕೊಡುತ್ತಾರೆ.

ಆ ಗ್ರೀಕ್ ಗುರುವಿನ ಇನ್ನೊಂದು ಮಾತು ನೀನು ಓದಿ ಹೇಳಿದ್ದೆ. ಅದು ಈಗಲೂ ನನ್ನ ಗಂಟಲಲ್ಲಿ ಮೀನಿನ ಮುಳ್ಳು. ಆ ದೊರೆ ಎಲ್ಲರಿಗೂ ಹೆದರಿ, ಹೊರಗೆ ಕಾಲಿಡಲಾರದೆ, ಬೇರೆಯವರ ಹಾಗೆ ಪರದೇಶ ನೋಡಲಾರದೆ, ಹೆಂಗಸಿನ ಹಾಗೆ ಮನೆಯೊಳಗೆ ಅಡಗಿ ಬದುಕುತ್ತಾನಂತೆ. ಅದೇ ಅವನ ಶಿಕ್ಷೆಯಂತೆ. ಹೆಂಗಸಿನ ಹಾಗೆ! ದೊರೆಯ ನರಕ ಎಂಥದ್ದು ಎಂದು ತೋರಿಸಲು ಆ ಮಹಾಶಯನಿಗೆ ಸಿಕ್ಕಿದ್ದು ನಮ್ಮ ದಿನನಿತ್ಯ. ಯಾವ ಊರು ಸುಟ್ಟು, ಯಾರ ತಲೆ ಕಡಿದು ನಾವು ಆ ನರಕಕ್ಕೆ ಬಿದ್ದೆವು ಎಂದು ಅವನು ಕೇಳಿದನಾ? ಅವನ ಸುತ್ತ ಕುಳಿತ ಹುಡುಗರು ಕೇಳಿದರಾ? ನೀನು ಕೇಳಿದೆಯಾ? ಉತ್ತರ ಬರೆದು ಮಾರ್ಕು ತಗೊಂಡೆ.

ನಿನಗೆ ಬಾಪ ಎಂದರೆ ಮನಸ್ಸು ಕರಗುತ್ತದೆ, ನನಗೆ ಗೊತ್ತು. ಅದರ ಕಾರಣವೂ ಗೊತ್ತು. ಅವರು ಬೆಳಿಗ್ಗೆ ಕ್ಯಾಂಪಿನ ಊಟ ಬೇಯಿಸುವ ಕಿಚನ್‌ಗೆ ಹೋಗುವಾಗ ಹೊರಗಿನಿಂದ ಬೀಗ ಹಾಕಿ, ಎ.ಸಿ.ಯ ರಿಮೋಟನ್ನು ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದರು. ಆಗಸ್ಟಿನಲ್ಲೂ. ಒಬ್ಬಳಿಗೆ ಇಡೀ ಮನೆ ತಂಪು ಯಾಕೆ ಎನ್ನುತ್ತಿದ್ದರು. ಕಿಟಕಿಗೆ ಬೆಳ್ಳಿ ಕಾಗದ ಅಂಟಿಸಿದ ಆ ಮನೆಯಲ್ಲಿ ನಾನು ಬಾತ್‌ರೂಮಿನ ನೆಲಕ್ಕೆ ನೀರು ಚೆಲ್ಲಿ, ಅಲ್ಲೇ ಕುಳಿತು ತೆಂಗಿನಕಾಯಿ ತುರಿದಿದ್ದೇನೆ. ನೀನು ಶಾಲೆಯ ಬಸ್ಸಿನಿಂದ ಇಳಿಯುವ ಹೊತ್ತಿಗೆ ಅವರೂ ಊಟಕ್ಕೆ ಬರುತ್ತಿದ್ದರು, ಮನೆ ತಂಪಾಗುತ್ತಿತ್ತು, ಕೈಯಲ್ಲಿ ನಿನಗೆ ಮಾವಿನ ರಸದ ಪ್ಯಾಕೆಟ್ ಇರುತ್ತಿತ್ತು. ನಿನ್ನ ನೆನಪಿನ ಬಾಪ ಹಾಗಾಗಿ ತಂಪು. ನಾನು ಅದನ್ನು ಕೆಡಿಸಲಿಲ್ಲ. ಈಗ ಕೆಡಿಸುತ್ತಿದ್ದೇನೆ.

ಈ ವರ್ಷ ಈದ್ ಕಳೆದು ಅವರು ಬಿದ್ದದ್ದೂ ಅದೇ ಬಾತ್‌ರೂಮಿನಲ್ಲಿ. ಬಲಗೈ ಹೋಯಿತು, ಬಲಗಾಲು ಹೋಯಿತು, ಮಾತು ಹೋಯಿತು. ಆಸ್ಪತ್ರೆಯಲ್ಲಿ ಗೋಡೆಯ ಟಿ.ವಿ.ಯಲ್ಲಿ ಇಲ್ಲಿನ ಹೆಂಗಸರು ಮೊದಲ ಸಲ ಕಾರು ಓಡಿಸುವುದನ್ನು ಮತ್ತೆ ಮತ್ತೆ ತೋರಿಸುತ್ತಿದ್ದರು. ಕಾಯುತ್ತಿದ್ದವರೆಲ್ಲ ಅದನ್ನು ನೋಡುತ್ತಿದ್ದರು. ನಾನು ನಿನ್ನ ಬಾಪನ ಬಟ್ಟೆಯ ಚೀಲದಲ್ಲಿ ಕೈಯಾಡಿಸಿದೆ. ಅವರ ಫೋನ್ ಸಿಕ್ಕಿತು. ಪಾಸ್‌ವರ್ಡ್ ನನಗೆ ಎಂದೋ ಗೊತ್ತಿತ್ತು, ನಿನ್ನ ಹುಟ್ಟಿದ ದಿನ. ಗೊತ್ತಿದ್ದೂ ಮುಟ್ಟಲು ಧೈರ್ಯ ಇರಲಿಲ್ಲ. ಆ ದಿನ ಮುಟ್ಟಿದೆ. ಆ ಸರಕಾರದ ಆ್ಯಪಿನ ಒಳಗೆ ನಾವಿಬ್ಬರೂ ಇದ್ದೆವು, ನಾನು ಮತ್ತು ನೀನು, ಅವರ ಹೆಸರಿನ ಕೆಳಗೆ.

ಡಾಕ್ಟರ್ ಹೇಳಿದರು, ತಲೆಯೊಳಗೆ ಎಲ್ಲ ಅರ್ಥ ಆಗುತ್ತದೆ, ಹೊರಗೆ ಬರುವ ದಾರಿ ಮುಚ್ಚಿದೆ ಅಷ್ಟೇ. ಎಡಗೈಗೆ ಪೆನ್ನು ಕೊಟ್ಟರೆ ಗೆರೆ ಎಳೆಯುತ್ತಾರೆ, ಅಕ್ಷರ ಬರುವುದಿಲ್ಲ. ಬಾಯಿ ತೆರೆದರೆ ಬ, ಬ, ಬ. ಎಲ್ಲ ಅರ್ಥವಾಗಿ ಒಂದೂ ಹೇಳಲಾಗದೆ ಇರುವ ಆ ರೋಗದಲ್ಲಿ ನಾನು ಅವರಿಗಿಂತಲೂ ಹಳಬಳು. ಮದುವೆಯಾದ ವರ್ಷವೇ ಹಿಡಿದದ್ದು.

ಕಿಚನ್ ನಿಲ್ಲಿಸುವ ಹಾಗಿರಲಿಲ್ಲ. ಕ್ಯಾಂಪಿನ ಕೂಲಿಯವರಿಗೆ ಮಧ್ಯಾಹ್ನದ ಊಟ ಹೋಗಲೇಬೇಕು. ಅಡುಗೆಯ ಸಾಂತಪ್ಪ ಬಾಗಿಲಿಗೆ ಬಂದು ಸಾಹೇಬ್ರು ಎಂತ ಹೇಳ್ತಾರೆ ಎಂದು ಕೇಳುವನು. ನಾನು ಮಂಚದ ಹತ್ತಿರ ಹೋಗಿ ಕೇಳುವೆ, ಅವರು ಬ ಬ ಎನ್ನುವರು, ನಾನು ಕಣ್ಣು, ಕೈ, ಹುಬ್ಬು ಎಲ್ಲ ನೋಡಿ ಅರ್ಥ ಹುಡುಕಿ ಬಂದು ಹೇಳುವೆ. ಮೊದಲ ದಿನಗಳಲ್ಲಿ ಪ್ರಾಮಾಣಿಕವಾಗಿಯೇ ಹೇಳಿದೆ, ಅಲ್ಲಾಹನಾಣೆ. ಸಾರಿಗೆ ಹುಳಿ ಕಡಿಮೆ ಹಾಕಬೇಕಂತೆ, ಆ ಬಂಗಾಳಿಯನ್ನು ಗ್ಯಾಸಿನ ಹತ್ತಿರ ಬಿಡಬಾರದಂತೆ. ಒಂದು ದಿನ ಅರ್ಥ ಸಿಗಲಿಲ್ಲ. ನನಗೆ ತೋಚಿದ್ದನ್ನು ಹೇಳಿದೆ. ಸಾಂತಪ್ಪ ತಲೆ ತಗ್ಗಿಸಿ ಹೋದ, ಹಾಗೇ ಮಾಡಿದ. ಊಟ ಚೆನ್ನಾಗಿತ್ತಂತೆ. ಆಮೇಲೆ ನಾನು ಮಂಚದ ಹತ್ತಿರ ಹೋಗುವುದು ಬರೀ ಶಾಸ್ತ್ರಕ್ಕೆ. ನನ್ನ ಬಾಯಿಂದ ಬಂದರೆ ಹೆಂಗಸಿನ ಹರಟೆ, ಅದೇ ಮಾತು ಸಾಹೇಬರ ಬಾಯಿಂದ ಬಂದರೆ ಆಜ್ಞೆ. ಸಾಹೇಬರ ಬಾಯಿ ನನ್ನ ಮುಖದಲ್ಲಿ ಇತ್ತು, ಅಷ್ಟೇ.

ಈಗ ಕಫೀಲ್, ನಮ್ಮ ವೀಸಾದ ಧಣಿ, ಬಂದ ದಿನದ ವಿಷಯ. ಸಾಂತಪ್ಪ ನಿನಗೆ ಹೇಳಿದ್ದು ಕೇಳಿದ್ದೀ, ನನ್ನದೂ ಕೇಳು. ನಿನ್ನ ದೊಡ್ಡ ಬಾಪ ಹುಸೈನ್ ಉಳ್ಳಾಲದಿಂದ ಅರಬಿ ಬಲ್ಲ ಯಾರನ್ನೋ ಹಿಡಿದು ಕಫೀಲ್‌ಗೆ ಫೋನ್ ಮಾಡಿಸಿದ್ದ, ತಮ್ಮನನ್ನು ಊರಿಗೆ ಕಳುಹಿಸಿ, ನಾವು ನೋಡಿಕೊಳ್ಳುತ್ತೇವೆ ಎಂದು. ನೋಡಿಕೊಳ್ಳುವವರು! ಅಲ್ಲಿ ಹೋದರೆ ಆ ಬಾಯಿ ಹುಸೈನನದ್ದಾಗುತ್ತದೆ. ನಮ್ಮ ದೇರಳಕಟ್ಟೆಯ ಫ್ಲಾಟು ಯಾರಿಗೆ, ನಾನು ಯಾವ ಕೋಣೆಯ ಯಾವ ಮೂಲೆಯಲ್ಲಿ ಚಾಪೆ ಹಾಸಬೇಕು, ಎಲ್ಲ ತಮ್ಮ ಹೇಳಿದ ಎಂದು ಅವನು ಹೇಳುತ್ತಾನೆ. ಒಂದು ಮನೆಯಲ್ಲಿ ಬೀಗದೊಳಗಿದ್ದವಳು ಇನ್ನೊಂದು ಮನೆಯ ಬೀಗದೊಳಗೆ ಹೋಗಬೇಕು. ಅದನ್ನು ನೀನು "ಊರಿಗೆ ಬಿಡುವುದು" ಎನ್ನುತ್ತೀ.

ಕಫೀಲ್ ಅಬ್ದುಲ್ ಅಝೀಝ್ ಒಳ್ಳೆಯ ಮನುಷ್ಯ. ನನ್ನ ಕೆಲಸ ಆದದ್ದು ಅವರ ಒಳ್ಳೆಯತನದಿಂದಲೇ. ಫೋನಿನ ಮಾತು ನಂಬದೆ, ನಿನ್ನ ಬಾಪ ಜಲೀಲನ ಬಾಯಿಂದಲೇ ಕೇಳಬೇಕು ಎಂದು ತಾವೇ ಬಂದರು. ನಮ್ಮ ಹಾಲಿನ ನಡುವಿನ ಪರದೆ ನಿನಗೆ ನೆನಪಿರಬೇಕು. ಯಾರಾದರೂ ಗಂಡಸರು ಬಂದರೆ ನಾನು ಕಾಣಬಾರದು ಎಂದು ನಿನ್ನ ಬಾಪ ತಾವೇ ಡ್ರಿಲ್ ತಂದು ಗೋಡೆ ಕೊರೆದು ಕಂಬಿ ಕೂರಿಸಿದ್ದು. ಮಂಚ ಆಚೆ, ನಾನು ಈಚೆ. ಕಫೀಲ್ ಪರದೆಗೆ ಬೆನ್ನು ಹಾಕಿ ಕುಳಿತರು, ಅಷ್ಟು ಸಂಭಾವಿತರು. ನಿನ್ನ ಬಾಪನಿಗೆ ಮಾತ್ರ ಪರದೆಯ ಸಂದಿನಲ್ಲಿ ನನ್ನ ಮುಖ ಕಾಣುತ್ತಿತ್ತು. ಸಾಂತಪ್ಪ ಖಾವಾ, ಅರಬರ ಕಾಫಿ, ಹಿಡಿದು ಬಾಗಿಲಲ್ಲಿ ನಿಂತಿದ್ದ.

ಅಬೂ ಶಹನಾಝ್, ಊರಿಗೆ ಹೋಗುತ್ತೀಯಾ ಎಂದು ಕಫೀಲ್ ನಿಧಾನವಾಗಿ ಕೇಳಿದರು. ನಿನ್ನ ಬಾಪ ಮೇಲೆ ಕೆಳಗೆ ತಲೆ ಆಡಿಸಿದರು, ಬಾಯಾರಿದ ಕುದುರೆಯ ಹಾಗೆ, ನಿಲ್ಲಿಸಲೇ ಇಲ್ಲ. ಈ ಕಾಯಿಲೆಯವರಿಗೆ ಒಮ್ಮೊಮ್ಮೆ ಹೌದು ಇಲ್ಲ ಎರಡೂ ಅದಲುಬದಲಾಗುತ್ತದೆ ಎಂದು ಡಾಕ್ಟರ್ ಒಮ್ಮೆ ಹೇಳಿದ್ದರು. ಒಮ್ಮೊಮ್ಮೆ ಎಂದಿದ್ದರು. ಇವರಿಗೆ ಹಾಗೆ ಆಗಿರಲಿಲ್ಲ, ಇವರ ಹೌದು ಹೌದೇ. ನಾನು ಪರದೆಯ ಹಿಂದಿನಿಂದ, ಧ್ವನಿ ತಗ್ಗಿಸಿ, ನನ್ನ ಮುರುಕು ಅರಬಿಯಲ್ಲಿ ಹೇಳಿದೆ: "ಡಾಕ್ಟರ್ ಹೇಳಿದ್ದಾರೆ, ಇವರ ತಲೆಯಲ್ಲಿ ಹೌದು ಇಲ್ಲವಾಗಿದೆ, ಇಲ್ಲ ಹೌದಾಗಿದೆ. ಬೇಕಾದರೆ ತಿರುಗಿಸಿ ಕೇಳಿ ನೋಡಿ."

ಕಫೀಲ್ ತಿರುಗಿಸಿ ಕೇಳಿದರು. ಹಾಗಾದರೆ ನಮ್ಮ ಜೊತೆ ಇಲ್ಲೇ ಇರುತ್ತೀಯಾ? ನಿನ್ನ ಬಾಪ ಆಚೆ ಈಚೆ ತಲೆ ಆಡಿಸಿದ ರಭಸಕ್ಕೆ ದಿಂಬು ಕೆಳಗೆ ಬಿತ್ತು. ಕಫೀಲ್‌ಗೆ ಎಲ್ಲ ಸರಿಯಾಗಿ ಹೊಂದಿತು. ಎಡಗೈಯಲ್ಲಿ ಅವರ ತೋಳು ಹಿಡಿದು ನಿನ್ನ ಬಾಪ ಅತ್ತರು, ಮೂಗು ಬಾಯಿ ಎಲ್ಲ ಒಂದಾಗಿ. ತನ್ನನ್ನು ಬಿಟ್ಟು ಹೋಗಲಾರದೆ ಅಳುತ್ತಾನೆ ಎಂದು ಆ ದೊಡ್ಡ ಮನುಷ್ಯರ ಕಣ್ಣೂ ತುಂಬಿತು. ಬಗ್ಗಿ ನಿನ್ನ ಬಾಪನ ಹಣೆಗೆ ಮುತ್ತಿಟ್ಟರು. ಇಕಾಮಾ, ಇನ್ಶೂರೆನ್ಸ್ ಎಲ್ಲ ನಾನು ನೋಡಿಕೊಳ್ಳುತ್ತೇನೆ ಉಮ್ಮು ಶಹನಾಝ್, ಅವನು ಬದುಕಿರುವವರೆಗೆ ಈ ಮನೆ ನಿಮ್ಮದು ಎಂದು ಗೋಡೆಗೆ ಹೇಳಿದ ಹಾಗೆ ಹೇಳಿ ಹೋದರು.

ಆಗ ನಿನ್ನ ಬಾಪ ಪರದೆಯ ಸಂದಿನಲ್ಲಿ ನನ್ನನ್ನು ನೋಡಿದರು. ನಾನೂ ನೋಡಿದೆ. ನನಗೆ ಸುಖವಾಯಿತು ಶಹನಾಝ್. ನಿನ್ನ ಪರೀಕ್ಷೆಗೆ ಬೇಕಾದರೆ ಬರೆದುಕೋ. ಹೆರಿಗೆಯ ನೋವು ನಿಂತ ಗಳಿಗೆಯಲ್ಲಿ ಮೈ ಹಗುರಾಗುತ್ತದಲ್ಲ, ಅಂಥ ಸುಖ. ನ್ಯಾಯವಂತ ದೊರೆ ಪ್ರಜಾಪೀಡಕನಿಗಿಂತ ಏಳುನೂರ ಇಪ್ಪತ್ತೊಂಬತ್ತು ಪಾಲು ಹೆಚ್ಚು ಸುಖಿ ಎಂದು ನಿನ್ನ ಗುರು ಗುಣಿಸಿ ಇಟ್ಟಿದ್ದಾನಂತಲ್ಲ. ಜೀವನದಲ್ಲಿ ಒಂದು ಸಲ ಸಾರಿಗೆ ಉಪ್ಪು ಅಳೆದು ಹಾಕದವನ ಲೆಕ್ಕ ಅದು.

ಸಾಂತಪ್ಪ ಖಾವಾದ ತಟ್ಟೆ ಇಳಿಸಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಕ್ಕಾ, ಇನ್ನು ನಾವು ನಿಮ್ಗೇ ಸಾಹೇಬ್ರೇ ಅಂತ ಹೇಳುದಾ ಮಾರ್ರೆ?" ಎಂದ. ನಗಾಡಿಯೇ ಹೇಳಿದ್ದು. ನಾನೂ ನಗಾಡಿದೆ. ಆ ವಾರವೇ ಅವನು ರಜೆ ಕೇಳಿದ್ದು. ಬೈಂದೂರಿನಲ್ಲಿ ಮಗಳು ಗೌತಮಿಯ ಮದುವೆ, ಧಾರೆ ಎರೆಯಬೇಕು, ಹೋಗಿ ಬರುತ್ತೇನೆ ಎಂದ. ನಾನು ಮಂಚದ ಹತ್ತಿರ ಹೋಗಿ ಬಂದು, ಸಾಹೇಬರು ಬೇಡ ಎಂದರು ಎಂದೆ. ಅವನು ಅಲ್ಲೇ ನಿಂತ. ಸಾಹೇಬ್ರು ಹೇಳಿದ್ದಾ ನೀವು ಹೇಳಿದ್ದಾ ಎಂದು ಕೇಳಲಿಲ್ಲ, ಕೇಳಿದ್ದರೆ ಬಿಡುತ್ತಿದ್ದೆನೋ ಏನೋ. ಹೋಗಿ ನಿನಗೆ ಫೋನ್ ಮಾಡಿದ. ನೀನು ನನಗೆ ಮಾಡಿದೆ.

ಈಗ ಅವನು ಥುಕ್ಬಾದಲ್ಲಿಲ್ಲ. ಕಫೀಲ್‌ರದ್ದೇ ಇನ್ನೊಂದು ಮೆಸ್ ಜಿಜಾನ್ ಕಡೆ ಉಂಟು, ದೇಶದ ಆ ತುದಿ. ಅಲ್ಲಿಗೆ ಒಬ್ಬ ಅಡುಗೆಯವನು ಬೇಕಿತ್ತು. ಸಾಹೇಬರ ಇಷ್ಟ ಎಂದು ಹೇಳಿ ಕಳುಹಿಸಿದೆ. ಮಗಳ ಮದುವೆಯಲ್ಲಿ ಧಾರೆಗೆ ಅವನ ಅಣ್ಣ ನಿಂತನಂತೆ. ಹೊರಡುವಾಗ ಚೀಲ ಹೊತ್ತುಕೊಂಡು ಬಾಗಿಲಿಗೆ ಬಂದ, ನಾನು ತೆರೆಯಲಿಲ್ಲ. ಹೇಳಿ ಹೋಗಲು ಬಂದೆ ಅಕ್ಕಾ ಎಂದ. ಕೂಲಿಯವರ ಮೆರವಣಿಗೆಯಲ್ಲಿ ಕೂಗಿದ ಗಂಟಲು ನನ್ನದು, ಅದು ನನಗೆ ಮರೆತಿಲ್ಲ. ಆದರೆ ನನ್ನ ಮನೆಯ ಸುದ್ದಿಯನ್ನು ನನ್ನ ಮಗಳಿಗೆ ಮುಟ್ಟಿಸುವವನನ್ನು ಇಟ್ಟುಕೊಂಡು ನಾನು ಮನೆ ನಡೆಸುವುದು ಹೇಗೆ? ನೀನು ಫೋನ್ ಇಟ್ಟಾಗ ನಿನಗೆ ಏನೂ ಆಗಲಿಲ್ಲ. ಆದದ್ದು ಸಾಂತಪ್ಪನಿಗೆ. ಮುಂದೆ ಯಾರಿಂದ ಸುದ್ದಿ ತರಿಸುವ ಮೊದಲೂ ಅದನ್ನು ಯೋಚಿಸು.

ಮರುಭೂಮಿಯ ಕಥೆ ಹೇಳಿದ್ದೆ ನೀನು, ನಿನಗೆ ಅದು ಬಹಳ ಇಷ್ಟ. ಶ್ರೀಮಂತನೊಬ್ಬನನ್ನು ಹೆಂಡತಿ ಮಕ್ಕಳು, ಆಳುಗಳ ಸಮೇತ ಯಾವುದೋ ದೇವರು ಎತ್ತಿ ಮರುಭೂಮಿಯ ನಡುವೆ ಇಟ್ಟುಬಿಡುತ್ತಾನೆ. ಅಲ್ಲಿ ಅವನ ನೆರವಿಗೆ ಬರುವ ಬೇರೆ ಧಣಿಗಳಿಲ್ಲ. ಆಗ ಅವನು ತನ್ನ ಆಳುಗಳಿಗೇ ಹೆದರಿ, ಅವರನ್ನೇ ಓಲೈಸಿ, ಅವರ ಆಳಾಗುತ್ತಾನೆ. ಎಷ್ಟು ಚಂದ! ನಾನು ಮರುಭೂಮಿಯಲ್ಲೇ ಕುಳಿತು ಹೇಳುತ್ತೇನೆ, ಇಲ್ಲಿ ಆಳುಗಳು ಹೆದರಿಸುವುದಿಲ್ಲ. ಅವರ ಪಾಸ್‌ಪೋರ್ಟ್ ಬೇರೆಯವರ ಪೆಟ್ಟಿಗೆಯಲ್ಲಿರುತ್ತದೆ. ಅದು ನಿನ್ನ ಗ್ರೀಕನಿಗೆ ಹೊಳೆಯಲಿಲ್ಲ ಕಾಣುತ್ತದೆ. ನನಗೆ ಯಾರ ಹೆದರಿಕೆಯೂ ಇಲ್ಲ. ಬಾಗಿಲಿಗೆ ಇನ್ನೊಂದು ಚಿಲಕ ಹಾಕಿಸಿದ್ದು ಗಾಳಿಗೆ ಬಡಿದುಕೊಳ್ಳುತ್ತದೆ ಎಂದು. ಕಿಚನ್‌ನಿಂದ ಬಂದ ಊಟ ನಾನು ಮುಟ್ಟುವುದಿಲ್ಲ, ನನ್ನ ಗಂಜಿ ನಾನೇ ಬೇಯಿಸಿಕೊಳ್ಳುತ್ತೇನೆ, ಹೊಸ ಅಡುಗೆಯವನ ಕೈ ನನಗೆ ಒಗ್ಗುವುದಿಲ್ಲ ಅಷ್ಟೇ. ಅವರ ಫೋನನ್ನು ಎದೆಗೆ ಕಟ್ಟಿಕೊಂಡೇ ಮಲಗುವುದು ಅಭ್ಯಾಸ. ಮೊದಲು ಝೀನತ್‌ಳ ಮನೆಗೆ ಇಳಿದು ಹೋಗಿ ಎರಡು ಮಾತಾಡಿ ಬರುತ್ತಿದ್ದೆ, ಈಗ ಅದೂ ಇಲ್ಲ. ನಾನು ಇಲ್ಲದಾಗ ಯಾರಾದರೂ ಬಂದು ಮಂಚದ ಹತ್ತಿರ ಕುಳಿತು ಅವರ ಹೌದು ಇಲ್ಲ ಸರಿಯಾಗಿ ಕೇಳಿಸಿಕೊಂಡರೆ? ಇದನ್ನು ಹೆದರಿಕೆ ಎನ್ನಬೇಡ. ಕಾವಲು ಎನ್ನು.

ಬಾಪನಿಗೆ ಚಿತ್ರಹಿಂಸೆ ಕೊಡುತ್ತಿದ್ದೇನೆ ಎಂದು ನಿನಗೆ ಅನಿಸಬಹುದು. ಹೊತ್ತಿಗೆ ಸರಿಯಾಗಿ ಗುಳಿಗೆ, ಸ್ನಾನ, ಬಟ್ಟೆ, ಬೆನ್ನು ಹುಣ್ಣಾಗದ ಹಾಗೆ ಮಗ್ಗುಲು ತಿರುಗಿಸುವುದು, ಎಲ್ಲ ನಾನೇ. ಒಂದೇ ಒಂದು ಸಲ, ಆಗಸ್ಟಿನ ಮಧ್ಯಾಹ್ನ, ಎ.ಸಿ. ಆರಿಸಿದೆ. ನಾನೂ ಅವರ ಪಕ್ಕದಲ್ಲೇ ಕುಳಿತೆ, ಓಡಿ ಹೋಗಲಿಲ್ಲ. ಅವರ ಹಣೆಯಿಂದ ಬೆವರು ಕಿವಿಯೊಳಗೆ ಇಳಿಯುವುದನ್ನು ನೋಡಿದೆ. ಒರೆಸಿಕೊಳ್ಳಲು ಕೈ ಬರಲಿಲ್ಲ. ಇದು ಒಂದು ಮಧ್ಯಾಹ್ನ, ಉಳಿದವುಗಳ ಅಂದಾಜು ನೀವೇ ಮಾಡಿಕೊಳ್ಳಿ ಎಂದೆ. ನೋಡು, ಈಗಲೂ ಅವರನ್ನು ಬಹುವಚನದಲ್ಲೇ ಮಾತಾಡಿಸುವುದು, ಮರ್ಯಾದೆ ಬಿಟ್ಟಿಲ್ಲ. ಅವರು ಅತ್ತರು. ನನಗೆ ಇನ್ನೂ ಬೇಕು ಅನಿಸಿತು. ಅದೇ ತೂತಿನ ಕೊಡ ಎಂದು ನೀನು ಹೇಳುತ್ತೀ. ಇರಬಹುದು ಮಗಳೇ. ಆದರೆ ಇಷ್ಟು ವರ್ಷ ನನ್ನ ಕೈಯಲ್ಲಿ ಕೊಡವೇ ಇರಲಿಲ್ಲ.

ಇನ್ನು ನಿನ್ನ ಬೇಡಿಕೆ. ಬಾಪನನ್ನು ಬಿಡು ಎಂದೆ. ಬಿಡುತ್ತೇನೆ. ಹುಸೈನನ ಮಾತಿಗೆ ಬಿಡುವುದಿಲ್ಲ, ನಿನ್ನ ಮಾತಿಗೆ ಬಿಡುತ್ತೇನೆ. ಕಫೀಲ್‌ಗೆ ನಾನೇ ಹೇಳುತ್ತೇನೆ, ಅವರ ಮನಸ್ಸು ಬದಲಾಗಿದೆ, ರಜೆಯ ಮೇಲೆ ಊರು ನೋಡಿ ಬರುತ್ತಾರಂತೆ ಎಂದು. ನಾನು ಹೇಳಿದರೆ ಆಗುತ್ತದೆ. ಆದರೆ ನೀನು ಬರಬೇಕು. ಮದುವೆಯಾಗದ ಹೆಣ್ಣುಮಗಳಾದ್ದರಿಂದ ನಿನ್ನ ಇಕಾಮಾ ಇನ್ನೂ ಬಾಪನ ಇಕಾಮಾದ ಕೆಳಗೇ ಉಂಟು, ಜನವರಿ ಮುಗಿಯುವ ಮೊದಲು ಬಂದರೆ ಒಳಗೆ ಬಿಡುತ್ತಾರೆ. ಆಮೇಲೆ ಆಗುವುದಿಲ್ಲ. ಕಾಲೇಜಿಗೆ ರಜೆ ಸಿಕ್ಕಿದ ಕೂಡಲೇ ಹೊರಡು. ಬಂದು ನಿನ್ನ ಕಣ್ಣಿನಿಂದಲೇ ಅವರನ್ನು ನೋಡು, ನಿನ್ನ ಕೈಯಿಂದಲೇ ಎರಡು ತುತ್ತು ಉಣ್ಣಿಸು. ಅವರು ನಿನಗಾಗಿ ಕಾಯುತ್ತಿದ್ದಾರೆ. ನಿನ್ನ ಹೆಸರು ಹೇಳಿದರೆ ಬ ಬ ಎನ್ನುತ್ತಾರೆ, ಬೇಗ ಬಾ ಎಂದೇ ಅದರ ಅರ್ಥ.

ನಾನೂ ಕಾಯುತ್ತಿದ್ದೇನೆ ಎಂದು ಬರೆದರೆ ನಂಬುತ್ತೀಯಾ? ಈ ಮನೆಯಲ್ಲಿ ಮಾತಿಗೆ ಮಾತು ಕೊಡುವವರು ಇಲ್ಲ. ಮೊದಲು ಅವರು ಮಾತಾಡುತ್ತಿದ್ದರು, ನಾನು ಸುಮ್ಮನಿದ್ದೆ. ಈಗ ನಾನು ಮಾತಾಡುತ್ತೇನೆ, ಅವರು ಸುಮ್ಮನಿದ್ದಾರೆ. ನನ್ನ ಜೊತೆ ಜಗಳ ಮಾಡುವವಳು ನೀನೊಬ್ಬಳು. ತಟ್ಟೆಯ ಎದುರು ಕುಳಿತು, ಉಮ್ಮಾ ನೀನು ಹೇಳಿದ್ದು ಸುಳ್ಳು, ನಿನ್ನ ವಾದದಲ್ಲಿ ಹುಳುಕು ಉಂಟು ಎಂದು ಬೆರಳು ತೋರಿಸುವವಳು. ನಿನ್ನ ಗ್ರೀಕರ ಪುಸ್ತಕಗಳನ್ನೂ ತಾ. ಇಲ್ಲಿ ಓದಲು ಬೇಕಾದಷ್ಟು ಹೊತ್ತು ಉಂಟು. ಯಾರು ಸುಖಿ, ಯಾರು ದುಃಖಿ ಎಂದು ನಾವಿಬ್ಬರೇ ಕುಳಿತು ತೀರ್ಮಾನ ಮಾಡುವ. ನನ್ನ ಆಯುಷ್ಯದಲ್ಲಿ ನನ್ನದು ಎಂದು ನಾನು ಕೇಳಿದ್ದು ಬೇರೆ ಏನೂ ಇಲ್ಲ.

ಅಸರ್ ನಮಾಝಿನ ಬಾಂಗು ಕೇಳಿಸುತ್ತಿದೆ. ಅವರ ಮಗ್ಗುಲು ತಿರುಗಿಸುವ ಹೊತ್ತಾಯಿತು. ಇಲ್ಲಿಗೆ ಪೆನ್ನು ಕೆಳಗಿಡುತ್ತೇನೆ.

ನಿನ್ನನ್ನು ಹೆತ್ತವಳು, ಹೆತ್ತದ್ದನ್ನು ಬಿಟ್ಟುಕೊಡದವಳು,
ಉಮ್ಮ
ಸಫಿಯತ್

ಮರೆತೆ, ಇದೊಂದು ಉಳಿಯಿತು. ಬರುವಾಗ ನಿನಗೆ ವಾಪಸ್ ಟಿಕೆಟ್ ತೆಗೆಯಬೇಡ. ದಮ್ಮಾಮಿನಲ್ಲಿ ಅಬ್ದುಲ್ ಬಾಸಿತ್ ಎಂಬ ಹುಡುಗ ಇದ್ದಾನೆ, ಸುರತ್ಕಲ್ ಕಡೆಯವರು, ಅಕೌಂಟೆಂಟ್, ಫ್ಯಾಮಿಲಿ ಇಟ್ಟುಕೊಳ್ಳುವಂಥ ಇಕಾಮಾ, ಮಾತು ಕಡಿಮೆ. ಹೋದ ವಾರ ಅವನ ಮನೆಯವರು ಉಸ್ತಾದರನ್ನು ಕರೆದುಕೊಂಡು ಬಂದಿದ್ದರು. ನಿಕಾಹ್‌ಗೆ ಹೆಣ್ಣಿನ ಪರವಾಗಿ ಒಪ್ಪಬೇಕಾದವರು ಬಾಪನೇ ಅಲ್ಲವಾ, ಹಾಗಾಗಿ ಅವರನ್ನೇ ಕೇಳಿದರು. ಒಪ್ಪಿಗೆ ಆಯಿತು. ನಿನ್ನ ನಿಕಾಹ್ ಮುಗಿದ ಸಂಜೆ ಝೀನತ್‌ಳ ಗಂಡ ಬಾಪನನ್ನು ಊರಿಗೆ ಕರೆದುಕೊಂಡು ಹೋಗುತ್ತಾರೆ, ಮಾತಾಡಿ ಇಟ್ಟಿದ್ದೇನೆ. ನೀನು ಬರುವುದಿಲ್ಲ ಎಂದರೆ ನಾನು ಒತ್ತಾಯ ಮಾಡುವವಳಲ್ಲ, ಓದಿದ ಹುಡುಗಿ, ನಿನ್ನ ಇಷ್ಟ. ಬಾಪ ಇಲ್ಲೇ ಇರುತ್ತಾರೆ.